ಎಳೆ ಬಂದ ನೀರು

ಮುದುಕನಿಗೆ ಮರೆವು ಎಂದು ನಗುವವರು ಇದನ್ನು ಇಲ್ಲೇ ನಿಲ್ಲಿಸಿ ಬೇರೆ ಕೆಲಸ ನೋಡಿಕೊಳ್ಳಿ. ಮಿರಜಿನ ಆಸ್ಪತ್ರೆಯಲ್ಲಿ ನನ್ನ ಅಕ್ಕಪಕ್ಕ ಯಾರು ಯಾವ ಮಂಚದ ಮೇಲೆ ಮಲಗಿದ್ದರೆಂಬುದೂ ನನಗೆ ನೆನಪಿದೆ. ಜ್ಯೋತೆಪ್ಪ, ಶಿದ್ರಾಮ ಇಬ್ಬರೂ ಸಾಂಗ್ಲಿ ಪೇಟೆಯ ಬೆಲ್ಲದ ವ್ಯಾಪಾರಿಗಳು. ಅಕ್ಕತಂಗಿಯರ ಗಂಡಂದಿರು, ಅಂದರೆ ಸಡ್ಡಕರು. ಜ್ಯೋತೆಪ್ಪನ ಮೇದೋಜೀರಕ ಗ್ರಂಥಿಯಲ್ಲಿ ನೀರುಗುಳ್ಳೆ ಇದೆ ಎಂದು ಗೊತ್ತಾದಾಗ, ತಾನೇನು ಕಮ್ಮಿ ಎಂದು ಶಿದ್ರಾಮನೂ ಸ್ಕ್ಯಾನ್ ಮಾಡಿಸಿದ. ಅವನಿಗೂ ಒಂದು ಸಿಕ್ಕಿತು, ಆದರೆ ಸಣ್ಣದು. ಅದಕ್ಕೂ ಅವನ ಹೊಟ್ಟೆ ಉರಿಯಿತು.

ಬಾಯಿಂದ ನಳಿಗೆ ಇಳಿಸಿ, ಸೂಜಿಯಿಂದ ಇಬ್ಬರ ಗುಳ್ಳೆಯ ನೀರೂ ತೆಗೆದರು.

"ಜ್ಯೋತೆಪ್ಪ ಕಾಕಾರದು ಅಂಟಂಟು, ಬೆರಳಿಗೆ ಎಳಿ ಬಂತು. ಶಿದ್ರಾಮ ಕಾಕಾ, ನಿಮ್ಮದು ತಿಳಿನೀರು. ಎರಡೂ ಲ್ಯಾಬಿಗೆ ಕಳಿಸೇವಿ," ಎಂದಳು ಡಾಕ್ಟರ್ ಮನಿಷಾ.

ಬೆಲ್ಲದವರಿಗೆ ಎಳೆ ಬಂತೆಂದರೆ ಪಾಕ ಹದಕ್ಕೆ ಬಂತು ಎಂದರ್ಥ. ಜ್ಯೋತೆಪ್ಪ ಮಲಗಿದಲ್ಲೇ ಮೀಸೆ ತಿರುವಿದ. "ನಮ್ಮ ಪಾಕ ಎಂದಾದ್ರೂ ಕೆಟ್ಟದ್ದೈತೇನು?"

ಶಿದ್ರಾಮ ಡಾಕ್ಟರನ್ನು ಬಾಗಿಲಲ್ಲೇ ತಡೆದ. "ನಂದು ಇನ್ನೊಮ್ಮೆ ತಗೀರಿ, ಡಾಕ್ಟರಬಾಯಿ. ಉಪಾಸ ಕೆಡವಿದ್ರಿ, ಅದಕ್ಕ ತೆಳ್ಳಗ ಬಂದೈತಿ."

ರಿಪೋರ್ಟು ಬಂದ ದಿನ ಅವಳು ಶಿದ್ರಾಮನೊಬ್ಬನನ್ನೇ ಒಳಗೆ ಕರೆದಳು. "ಜ್ಯೋತೆಪ್ಪ ಕಾಕಾರ ಮನಿಯವರಂತ ನಿಮಗ ಹೇಳ್ತೀನಿ. ಆ ನೀರಿನ್ಯಾಗ ಸಿ.ಇ.ಎ. ಅಂತ ಒಂದು ಗುರ್ತು ನೋಡ್ತೀವಿ. ಅವರದು ಎಂಟನೂರು ದಾಟೇದ. ನಿಮ್ಮದು ಎರಡು."

"ಎರಡ?" ಶಿದ್ರಾಮ ಖುರ್ಚಿಯಿಂದ ಎದ್ದೇಬಿಟ್ಟ. "ಅವಂದು ಎಂಟನೂರು, ನಂದು ಎರಡ?"

"ಕುಂದ್ರಿ, ಕಾಕಾ. ಹೆಚ್ಚಿದ್ದದ್ದ ಕೆಟ್ಟದ್ದು. ಅವರ ಗುಳ್ಳಿ ಮುಂದ ಕ್ಯಾನ್ಸರ್ ಆಗೋ ಜಾತೀದು, ಆಪರೇಷನ್ ಬೇಕು. ನಿಮ್ಮದರಿಂದ ಭಯ ಇಲ್ಲ, ಮನೀಗೆ ಹೋಗ್ರಿ."

ಜನ್ಮದಲ್ಲಿ ಮೊದಲ ಸಲ ಶಿದ್ರಾಮ ಗೆದ್ದಿದ್ದ! ಮಾವ ಲಗ್ನದಲ್ಲಿ ಜ್ಯೋತೆಪ್ಪನಿಗೆ ಬಂಗಾರದ ಉಂಗುರ ಹಾಕಿ ಇವನಿಗೆ ಬೆಳ್ಳಿಯದು ಹಾಕಿದ ದಿನದಿಂದ ಕಾಯುತ್ತಿದ್ದ ಮನುಷ್ಯ. ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು, ನಗು ನುಂಗುತ್ತ ವಾರ್ಡಿಗೆ ನಡೆದ.

"ನಿಂದೇನಾತೋ, ಶಿದ್ರಾಮಾ?"

"ನಂದೇನಿಲ್ಲಂತ, ಅಣ್ಣಾ. ನಿಮ್ಮದು ಮಾತ್ರ..."

ಜ್ಯೋತೆಪ್ಪ ಅವನ ಮುಖ ನೋಡಿ ಎಲ್ಲ ತಿಳಿದುಕೊಂಡ. ಆಮೇಲೆ ಸಡ್ಡಕನ ಕೈ ಗಟ್ಟಿಯಾಗಿ ಹಿಡಿದುಕೊಂಡ.

"ನಂದಿರಲಿ. ನಿಂದು ಚೊಲೋ ಬಂತಲ್ಲ, ನಾ ಅದನ್ನ ಬೇಡಕೊಂಡಿದ್ದೆ. ಇಬ್ಬರೂ ಮಲಗಿದ್ರ ಆ ಅಕ್ಕತಂಗ್ಯಾರಿಗೆ ಯಾರದಾರೋ?"

ಶಿದ್ರಾಮ ಹೊರಗೆ ಬಂದು ಗೋಡೆಗೆ ಹಣೆ ಹಚ್ಚಿ ಅಳತೊಡಗಿದ. ಹೆಂಡತಿ ಗುರುಶಾಂತವ್ವ ಗಾಬರಿಯಿಂದ ಓಡಿಬಂದಳು. "ನಿಮ್ಮ ರಿಪೋರ್ಟು ಚೊಲೋ ಬಂದೈತಂತಲ್ರಿ? ಮತ್ಯಾಕ ಅಳಾಕತ್ತೀರಿ?"

"ಹಲ್ಕಟ್! ಇದರಾಗೂ ಅವನೇ ಗೆದ್ದಬಿಟ್ಟ!"

ಇದನ್ನು ನಿಮ್ಮ ನಿಮ್ಮ ಸಡ್ಡಕರಿಗೆ ಕಳಿಸಿಬಿಡಿ. ಜಗಳ ಹತ್ತಿದರೆ ನನ್ನ ಹೆಸರು ಮಾತ್ರ ಎತ್ತಬೇಡಿ.