ಬಿಳಿ ಕೈಗವಸು

ಬಿಳಿ ಕೈಗವಸು ತೊಟ್ಟ ನೀಲವ್ವ ವಿಮಾನದ ಎಂಜಿನ್ನಿನ ಬ್ಲೇಡುಗಳನ್ನು ಟ್ರೇಯಲ್ಲಿ ಜೋಡಿಸುತ್ತಿದ್ದಳು. ಬೆಂಕಿ ತಡೆಯುವ ಲೇಪ ಹಚ್ಚುವ ಮೊದಲು ಅವಕ್ಕೆ ಬರಿಗೈ ತಾಗಬಾರದು. ತಾಗಿದರೆ ಬೆರಳಿನ ಜಿಡ್ಡಿಗೆ ಲೇಪ ಇಲ್ಲೇ, ಎಲ್ಲರ ಕಣ್ಣೆದುರೇ ಕಳಚುತ್ತದೆ. ಆಮೇಲೆ ಇಡೀ ಟ್ರೇಯನ್ನು ಮತ್ತೆ ತೊಳೆಯಲೇಬೇಕು.

"ಸರ್, ಇವನ್ನ ರಾತ್ರಿಯೆಲ್ಲಾ ತೆರೆದಿಟ್ಟಾರ. ಧೂಳು ಕುಂತೈತಿ. ಇನ್ನೊಮ್ಮೆ ತೊಳೀಬೇಕು," ಎಂದಳು.

"ಹೊರಗ ಲಾರಿ ಬಂದು ನಿಂತೈತಿ. ಸುಮ್ನ ಲೇಪಕ್ಕ ಕಳಸು," ಎಂದ ಸೂಪರ್‌ವೈಸರ್.

"ವಿಮಾನ ಮ್ಯಾಲ ಹೋದಾಗ ಲೇಪ ಉದುರಿದ್ರ?"

"ಉದುರಿದ್ರ ಮ್ಯಾಲ ಉದುರತೈತಿ, ಇಲ್ಲಿ ಯಾರಿಗೂ ಕಾಣಂಗಿಲ್ಲ. ನೀ ಏನ್ ಪೈಲಟ್ ಏನವಾ?"

ಸುತ್ತಲಿದ್ದವರು ನಕ್ಕರು.

"ನಾಳಿಂದ ಕೆಲಸ ಬ್ಯಾಡಂದ್ರ ಹಿಂಗ ನಿಂದರು," ಎಂದು ಅವನು ಗದರಿದ.

ನೀಲವ್ವ ತಲೆ ತಗ್ಗಿಸಿ ಕೈಗವಸು ಬಿಚ್ಚಿಟ್ಟಳು. ಕೆಲಸ ಬಿಟ್ಟು ಹೊರಟಳೆಂದೇ ಎಲ್ಲರೂ ತಿಳಿದರು. ಅವಳು ಹಣೆಯ ಬೆವರನ್ನು ಅಂಗೈಯಿಂದ ಒರೆಸಿಕೊಂಡು, ಅದೇ ಕೈಯನ್ನು ಒಂದೊಂದೇ ಬ್ಲೇಡಿನ ಮೇಲೆ ಒತ್ತಿ ಎಳೆಯುತ್ತಾ ಟ್ರೇಯ ಕೊನೆಯವರೆಗೂ ಹೋದಳು.

"ಆ ತೊಳಿಯೋ ಬುಟ್ಟಿ ಈ ಕಡೆ ಕೊಡ್ರಿ, ಸರ್."