ಬೇಳೆಗೆ ಬೆಲ್ಲದ ಹಾಡು

"ದೋಸೆ ಹೊಯ್ಯೋನಿಗೆ ಸಾಹಿತ್ಯದ ಉಸಾಬರಿ ಯಾಕೋ? ಎಂಟನೇ ಕ್ಲಾಸೂ ದಾಟದವನು ನಮಗೆ ಪಾಠ ಹೇಳ್ತಾನಂತೆ!" ವಡೋದರಾದ ಕನ್ನಡ ಸಂಘದ ಕಾರ್ಯದರ್ಶಿ ಹೃಷಿಕೇಶ, ರಾಜ್ಯೋತ್ಸವದ ತಾಲೀಮಿಗೆ ಸೇರಿದ್ದ ಮೂವತ್ತು ಜನರ ಎದುರಿಗೇ ಅಂದುಬಿಟ್ಟರು. ಸುಧೀರನ ಮೈಯೆಲ್ಲ ಉರಿಯಿತು. ಅವನು ಕೇಳಿದ್ದಿಷ್ಟೇ. ಬೇಳೆಗೆ ಬೆಲ್ಲ ಹಾಕುವ ಊರಿಗೆ ವರ್ಗವಾಗಿ ಬಂದು ಗೋಳಾಡುವ ಆಫೀಸರನ ಹಾಡನ್ನು ಕಟ್ಟಿದ್ದು ತೀರಿಹೋದ ತನ್ನ ಅಪ್ಪ ಪದ್ಮನಾಭ. ಆಮಂತ್ರಣ ಪತ್ರಿಕೆಯಲ್ಲಿ 'ಅಜ್ಞಾತ ಕವಿ' ಎಂದಿರುವ ಕಡೆ ಆ ಹೆಸರು ಹಾಕಿ.

"ಸೂರತ್ತಿನವರು ತಮ್ಮದು ಅಂತಾರೆ, ಅಹಮದಾಬಾದಿನವರು ತಮ್ಮದು ಅಂತಾರೆ. ನಿಮ್ಮಪ್ಪಂದೇ ಅನ್ನೋಕೆ ಏನಯ್ಯಾ ಗುರುತು?" ಹೃಷಿಕೇಶ ಕೆಣಕಿದರು.

ಸುಧೀರ ಮುಷ್ಟಿ ಬಿಗಿದು ಬಾಯಿ ತೆರೆಯುವಷ್ಟರಲ್ಲಿ ವೇದಿಕೆಯ ಮಕ್ಕಳು ಹಾಡತೊಡಗಿದರು. ಮನೆಯಲ್ಲೂ ಗುಜರಾತಿಯನ್ನೇ ಆಡುವ ಮಕ್ಕಳು. ಎರಡನೇ ಚರಣದ ನಡುವೆ ಎಲ್ಲರೂ ಒಟ್ಟಿಗೆ ಎರಡು ಸಲ ಕೆಮ್ಮಿ, "ಅಯ್ಯೋ ಶಿವನೇ" ಎಂದು ಮುಂದುವರಿಸಿದರು.

"ಅಲ್ಲಿ ಯಾಕಮ್ಮ ಕೆಮ್ಮೋದು?" ಹಾಡು ಮುಗಿಯುತ್ತಲೇ ಸುಧೀರ ಮುಂದಿನ ಸಾಲಿನ ಪುಟ್ಟ ಹುಡುಗಿ ಕೃಪಾಳನ್ನು ಕೇಳಿದ.

"ಸಾಂಗ್ ಇರೋದೇ ಹಾಗೆ, ಭೈಯಾ. ಸೂರತ್‌ನಲ್ಲೂ ಕೆಮ್ತಾರೆ."

ಹತ್ತು ವರ್ಷದ ಹಿಂದೆ, ಇದೇ ಊರಿನ ಮಕರಪುರದಲ್ಲಿ ಅಪ್ಪ ಮಗ ದುಡಿಯುತ್ತಿದ್ದ ಹೋಟೆಲಿನ ಅಡುಗೆಮನೆಯಲ್ಲಿ ಯಾರೋ ಗಿರಾಕಿ ಅಪ್ಪನ ಹಾಡನ್ನು ಮೊಬೈಲಿಗೆ ಹಿಡಿದುಕೊಂಡಿದ್ದರು. ಅದೇ ಹೊತ್ತಿಗೆ ಸುಧೀರ ಒಗ್ಗರಣೆ ಸೀಯಿಸಿದ್ದ. ಒಣಮೆಣಸಿನ ಘಾಟಿಗೆ ಅಪ್ಪ ಸರಿಯಾಗಿ ಆ ಸಾಲಿನಲ್ಲೇ ಎರಡು ಸಲ ಕೆಮ್ಮಿ, ಮಗನನ್ನು ನೋಡಿ "ಅಯ್ಯೋ ಶಿವನೇ" ಎಂದಿದ್ದ. ಆ ರೆಕಾರ್ಡಿಂಗೇ ಊರೂರು ಸುತ್ತಿ, ಕೆಮ್ಮಿನ ಸಮೇತ ಈ ಮಕ್ಕಳ ಬಾಯಿಗೆ ಬಂದಿತ್ತು.

"ಏನಯ್ಯಾ, ಬಾಯಿ ಬಿದ್ದುಹೋಯ್ತಾ?" ಎಂದರು ಹೃಷಿಕೇಶ.

ಸುಧೀರ ನಗುತ್ತ ಕಣ್ಣೊರೆಸಿಕೊಂಡ. "ಇನ್ನೊಂದ್ಸಲ ಹಾಡ್ರೋ" ಎಂದು ಮಕ್ಕಳಿಗಷ್ಟೇ ಹೇಳಿ, ಅಪ್ಪನ ಆ ಕೆಮ್ಮನ್ನು ಮತ್ತೊಮ್ಮೆ ಕೇಳಿಸಿಕೊಂಡು ಹೊರನಡೆದ.