ಮನೆಯಿಂದಲೇ ಬಂದ ಫೋನು

“ಫೋನ್ ಬಂದಿದ್ದು ನಿಮ್ಮ ಮನೆಯಿಂದಲೇ ಇರ್ಬೇಕು,” ಎಂದರು ಬ್ಯಾಂಕಿನ ಸಾಲದ ಅಧಿಕಾರಿ, ದನಿ ತಗ್ಗಿಸಿ. “ಹೆಸರು ಹೇಳಲಿಲ್ಲ. ಆದ್ರೆ ನಿಮ್ಮ ವಿಷಯ ಹೊರಗಿನವರಿಗೆ ಅಷ್ಟೊಂದು ಗೊತ್ತಿರೋಕೆ ಸಾಧ್ಯ ಇಲ್ಲ.”

ಲಿಫ್ಟ್ ರಿಪೇರಿಯವನು ಕುರ್ಚಿಯ ತುದಿಗೆ ಸರಿದ. “ಏನಂದ್ರಂತೆ ಮೇಡಂ?”

“ನೀವು ಹೊರಗಡೆ ಮತ್ತೆ ಕೈಸಾಲ ಮಾಡಿದೀರ ಅಂತ. ಅದು ಸುಳ್ಳು ಅಂತ ಈಗ ಗೊತ್ತಾಯ್ತು. ಆದ್ರೆ ವಿಚಾರಿಸಿ ಮುಗಿಸೋ ಹೊತ್ತಿಗೆ...”

ಅಷ್ಟು ಹೊತ್ತಿಗೆ ಅವನು ಕೊಳ್ಳಲೆಂದು ನೋಡಿಟ್ಟಿದ್ದ ಮನೆ ಬೇರೆಯವರ ಪಾಲಾಗಿತ್ತು.

ಹೆಂಡತಿ ತೀರಿಕೊಂಡ ವರ್ಷವೇ ಅವನ ಲಾಂಡ್ರಿ ಮುಳುಗಿತ್ತು. ಸಾಲ ಕೊಟ್ಟವರೆಲ್ಲ ಒಪ್ಪಿ, ಬಾಕಿಯನ್ನು ಕಂತುಗಳಲ್ಲಿ ತೀರಿಸುವಂತೆ ಕಾನೂನಿನ ಪ್ರಕಾರ ಇತ್ಯರ್ಥದ ಒಪ್ಪಂದವಾಯಿತು. ಹಸುಗೂಸನ್ನು ಎತ್ತಿಕೊಂಡು ಅಕ್ಕನ ಮನೆ ಸೇರಿದ. ಲಿಫ್ಟಿನ ಗುಂಡಿಗಳಿಗಿಳಿದು, ಮೈತುಂಬ ಗ್ರೀಸು ಮೆತ್ತಿಕೊಂಡು ದುಡಿದ. ಒಂದು ಕಂತೂ ತಪ್ಪಿಸಲಿಲ್ಲ. ಆದರೂ ಆ ಒಪ್ಪಂದದ ಮಾತು ಬಂದರೆ ಸಾಕು, ಬ್ಯಾಂಕುಗಳು ಬಾಗಿಲು ತೋರಿಸುತ್ತಿದ್ದವು. ಕೂರಿಸಿ ಮಾತಾಡಿಸಿದ್ದು ಈ ಅಧಿಕಾರಿ ಒಬ್ಬರೇ.

ಮನೆಯಲ್ಲಿದ್ದ ದೊಡ್ಡವರು ಅಕ್ಕ ಮತ್ತು ಭಾವ. ಅಕ್ಕನನ್ನು ಅನುಮಾನಿಸುವುದು ಅವನಿಂದಾಗದ ಮಾತು. ಅವನ ಮಗಳು ಪುಟ್ಟಿಗೆ ಜ್ವರ ಬಂದಾಗ ನಿದ್ದೆಗೆಟ್ಟವಳು ಅವಳು. ಜಡೆ ಹಾಕಿ ಶಾಲೆಗೆ ಬಿಡುವವಳೂ ಅವಳೇ. ಅಕ್ಕನಿಗೆ ಮಕ್ಕಳಿರಲಿಲ್ಲ. ಪುಟ್ಟಿ ಬಾಯಿತಪ್ಪಿ ‘ಅಮ್ಮ’ ಎಂದರೆ ಮನೆಯಲ್ಲಿ ಯಾರೂ ತಿದ್ದುತ್ತಿರಲಿಲ್ಲ.

ಉಳಿದದ್ದು ಭಾವ. ಅವನ ಗಡಿಯಾರ ರಿಪೇರಿ ಅಂಗಡಿಗೆ ನೊಣವೂ ಬರುತ್ತಿರಲಿಲ್ಲ. ಮನೆ ಬಾಡಿಗೆಯ ಅರ್ಧ ಕೊಡುತ್ತಿದ್ದದ್ದು ಲಿಫ್ಟ್ ರಿಪೇರಿಯವನೇ; ಇವನು ಮನೆ ಬಿಟ್ಟರೆ ಭಾವನಿಗೆ ಅದು ತಪ್ಪುತ್ತಿತ್ತು. “ಬೇಗ ಮನೆ ಮಾಡ್ಕೊಂಡು ಹೋಗಪ್ಪ, ಬಾತ್‌ರೂಮಿಗೆ ಕ್ಯೂ ನಿಂತು ಸಾಕಾಯ್ತು,” ಎಂದು ಭಾವ ದಿನಾ ಗೊಣಗುತ್ತಿದ್ದ. ಅದೆಲ್ಲ ಬರೀ ನಾಟಕ ಎನಿಸಿತು ಈಗ.

ನೇರ ಅಂಗಡಿಗೇ ಹೋದ. “ನನ್ನ ಹೊಟ್ಟೆ ಮೇಲೆ ಯಾಕೆ ಹೊಡೆದ್ರಿ, ಭಾವ?”

ವಿಷಯ ಪೂರ್ತಿ ಕೇಳಿದ ಭಾವ ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟ. ಆಮೇಲೆ ಕೇಳಿದ, “ನಾನಲ್ಲ ಅಂದ್ರೆ ನಂಬ್ತೀಯಾ?”

“ಇಲ್ಲ.”

“ಹಾಗಾದ್ರೆ ನಾನೇ ಅಂದ್ಕೋ. ಮನೇಲಿ ಮಾತ್ರ ಈ ಮಾತು ಎತ್ತಬೇಡ.”

ಅವತ್ತಿನಿಂದ ಅವನು ಭಾವನ ಜೊತೆ ಊಟಕ್ಕೆ ಕೂರಲಿಲ್ಲ. ಮನೆ ಕೈತಪ್ಪಿದ ಸುದ್ದಿ ಕೇಳಿ ಅಕ್ಕ ತಟ್ಟೆಗೆ ಇನ್ನಷ್ಟು ಬಡಿಸಿದಳು. “ಹೋಗ್ಲಿ ಬಿಡೋ. ಇಲ್ಲೇನು ನಿಮ್ಮನ್ನ ಓಡಿಸ್ತಿದೀವಾ? ಪುಟ್ಟಿಗೆ ಇಲ್ಲಿ ಏನು ಕಮ್ಮಿಯಾಗಿದೆ?” ಅವನ ಕಣ್ಣು ತುಂಬಿ ಬಂತು. ಇಂಥವಳಿಗೆ ಎಂಥ ಗಂಡ!

ಊರಾಚೆ ಇನ್ನೊಂದು ಮನೆ ಸಿಕ್ಕಿತು. ಚಿಕ್ಕದು, ಎರಡೇ ಕೋಣೆ. ಆದರೆ ಪುಟ್ಟಿಗೆ ತನ್ನದೇ ಕಿಟಕಿಯಿತ್ತು. ಮತ್ತೆ ಅರ್ಜಿ ಹಾಕಿದ. ಬಡ್ಡಿ ಹೆಚ್ಚಾದರೂ ಹೂಂ ಎಂದ.

“ಮತ್ತೆ ಫೋನ್ ಬಂದಿತ್ತು,” ಎಂದರು ಅಧಿಕಾರಿ. “ಈ ಸಲ ನಾನೇ ತಗೊಂಡೆ. ತುಂಬಾ ಹೊತ್ತು ಬೇಡ್ಕೊಂಡ್ರು, ಸಾಲ ಕೊಡಬೇಡಿ ಅಂತ. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಸೋಮವಾರ ಸಹಿಗೆ ಬನ್ನಿ.”

ಅವನಿಗೆ ಮೈಯೆಲ್ಲ ಉರಿಯಿತು. ಆದರೂ ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಇನ್ನೇನು, ಭಾವನ ಮುಖ ನೋಡುವ ಕರ್ಮ ತಪ್ಪುತ್ತಲ್ಲ!

ಸೋಮವಾರ ಶಾಲೆಗೆ ರಜೆ. ಅಕ್ಕನೂ ಬರಲೇಬೇಕೆಂದು ಪುಟ್ಟಿ ಹಟ ಹಿಡಿದಳು. ಅಕ್ಕ ಬ್ಯಾಂಕಿನ ಹೊರಗೇ ಬೆಂಚಿನ ಮೇಲೆ ಕೂತಳು. “ನಾನ್ಯಾಕೆ ಒಳಗೆ?” ಸಹಿ ಮುಗಿಯುವ ಹೊತ್ತಿಗೆ ಪುಟ್ಟಿ ಅವಳ ಕೈ ಹಿಡಿದು ಒಳಗೆ ಎಳೆದು ತಂದಳು.

“ಇವಳೇ ನಮ್ಮಕ್ಕ, ಮೇಡಂ. ಇವಳಿಲ್ದೇ ಇದ್ರೆ ನಾವು ಬೀದಿಪಾಲಾಗ್ತಿದ್ವಿ,” ಎಂದ ಅವನು. ಅಕ್ಕ ತಲೆಯಷ್ಟೇ ಆಡಿಸಿದಳು.

ಅಧಿಕಾರಿ ನಕ್ಕು ಮಗುವಿನತ್ತ ಬಾಗಿದರು. “ಹೊಸ ಮನೆ ಇಷ್ಟ ಆಯ್ತಾ ಪಾಪು?”

ಪುಟ್ಟಿ ನಾಚಿಕೊಂಡು ಅಕ್ಕನ ಹಿಂದೆ ಅವಿತಳು.

“ಹೇಳು ಪುಟ್ಟಿ, ಆಂಟಿ ಕೇಳ್ತಿದಾರಲ್ಲ,” ಎಂದಳು ಅಕ್ಕ.

ಆ ದನಿ ಕೇಳಿದ್ದೇ ಅಧಿಕಾರಿಯ ನಗು ಅಲ್ಲೇ ನಿಂತಿತು. ಅವರು ನಿಧಾನವಾಗಿ ತಲೆಯೆತ್ತಿ ಅಕ್ಕನನ್ನು ನೋಡಿದರು. “ಫೋನಿನಲ್ಲಿ ಬೇಡ್ಕೊಂಡಿದ್ದು... ನೀವೇ ಅಲ್ವಾ?”

ಅಕ್ಕ ಪುಟ್ಟಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.